ಶ್ರುತಭಂಡಾರ ಮತ್ತು ಪತ್ರಾಗಾರ: ಹಸ್ತಪ್ರತಿಗಳ ಸಂರಕ್ಷಣೆಯ ಒಂದು ಪಾಠ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯಗಳೆಂದು ಜೈನ ಪರಂಪರೆ ಹೇಳುತ್ತದೆ. ಮೊದಲ ಮೂರು ದಾನಗಳ ಫಲ ಬೇಗನೆ ಕಣ್ಣಿಗೆ ಕಾಣುತ್ತದೆ. ಹಸಿದವನು ಉಂಡು ತೃಪ್ತನಾಗುತ್ತಾನೆ, ಅಂಜಿದವನು ಧೈರ್ಯ ತಾಳುತ್ತಾನೆ, ರೋಗಿ ಗುಣ ಹೊಂದುತ್ತಾನೆ. ಶಾಸ್ತ್ರದಾನದ ಫಲ ಮಾತ್ರ ಕೆಲವೊಮ್ಮೆ ಎಂಟು ಶತಮಾನಗಳ ನಂತರ ದೊರೆಯುತ್ತದೆ. ಅಷ್ಟು ಕಾಲ ಆ ದಾನ ಉಳಿಯಬೇಕಾದರೆ ಅದನ್ನು ಬರೆಯಿಸಿದವರ ಭಕ್ತಿಯೊಂದೇ ಸಾಲದು. ನಡುವಿನ ಪ್ರತಿಯೊಂದು ತಲೆಮಾರಿನಲ್ಲಿಯೂ ಅದನ್ನು ತೆರೆದು, ಒರೆಸಿ, ಎಣಿಸಿ, ಹೆಸರು ಬರೆದು, ಮತ್ತೆ ಕಟ್ಟಿ ಇಡುವ ಒಬ್ಬರಾದರೂ ಇರಬೇಕು. ಆ ಒಬ್ಬರ ಕೆಲಸವೇನು, ಅದರ ಕ್ರಮವೇನು ಎಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಶ್ರುತಪಂಚಮಿಯ ಅರ್ಥ

ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಕೇಳಿ ಕಲಿತ ಶ್ರುತವು ತಮ್ಮೊಂದಿಗೇ ಲೋಪವಾದೀತೆಂಬ ಕಳವಳದಿಂದ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಉಪದೇಶಿಸಿದರು. ಆ ಇಬ್ಬರೂ ಅದನ್ನು ಷಟ್ಖಂಡಾಗಮವೆಂಬ ಗ್ರಂಥರೂಪಕ್ಕೆ ತಂದರು. ಗ್ರಂಥವು ಸಮಾಪ್ತವಾಗಿ ಪೂಜೆಗೊಂಡ ದಿನವೆಂದು ಜ್ಯೇಷ್ಠ ಶುಕ್ಲ ಪಂಚಮಿಯನ್ನು ದಿಗಂಬರ ಸಂಪ್ರದಾಯವು ಶ್ರುತಪಂಚಮಿಯಾಗಿ ಆಚರಿಸುತ್ತದೆ. ಅಂದು ಭಂಡಾರದ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಗಾಳಿಗೆ ಇಟ್ಟು, ಹಳೆಯ ವಸ್ತ್ರವನ್ನು ಬದಲಿಸಿ, ಪೂಜಿಸಿ, ಮತ್ತೆ ಸ್ವಸ್ಥಾನದಲ್ಲಿ ಇರಿಸುವ ರೂಢಿ ಬೆಳೆದುಬಂದಿದೆ. ಈ ಆಚರಣೆಯಲ್ಲಿ ಪೂಜೆಯಷ್ಟೇ ಪ್ರಮಾಣದಲ್ಲಿ ಪರಿಶೀಲನೆಯೂ ಇದೆ. ಗೆದ್ದಲು ಹಿಡಿದಿದೆಯೇ, ತೇವ ತಗುಲಿದೆಯೇ, ಯಾವ ಕಟ್ಟು ಕಾಣೆಯಾಗಿದೆ ಎಂಬುದು ಅಂದು ತಿಳಿಯುತ್ತದೆ.

ವರ್ಷಕ್ಕೊಮ್ಮೆ ನಡೆಯುವ ಈ ಕಾರ್ಯವನ್ನೇ ವರ್ಷವಿಡೀ ವೃತ್ತಿಯಾಗಿ ನಡೆಸುವವರು ಇಂದಿನ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿದ್ದಾರೆ. ಅವರನ್ನು ಆರ್ಕೈವಿಸ್ಟ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಪತ್ರಾಗಾರಪಾಲಕ ಎನ್ನಬಹುದು. ಗ್ರಂಥಾಲಯದ ಸಾಮಾನ್ಯ ಕಪಾಟಿನಲ್ಲಿರುವ ಅಚ್ಚಿನ ಪುಸ್ತಕ ಕಳೆದರೆ ಅದರ ಇನ್ನೊಂದು ಪ್ರತಿಯನ್ನು ಕೊಳ್ಳಬಹುದು. ಓಲೆಗರಿ, ಕೈಬರಹದ ವಹಿ, ಪತ್ರವ್ಯವಹಾರ, ದಿನಚರಿ, ಹಳೆಯ ಛಾಯಾಚಿತ್ರ ಮುಂತಾದವುಗಳಿಗೆ ಎರಡನೆಯ ಪ್ರತಿ ಇರುವುದು ಅಪರೂಪ. ಇಂಥವನ್ನು ಬೇರೆಯಾಗಿ ಇರಿಸುವ ವಿಭಾಗಕ್ಕೆ ವಿಶೇಷ ಸಂಗ್ರಹವೆಂದು ಹೆಸರು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾಗಿ ಆ ಬಳಿಕ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ, ಪುಣೆಯ ಭಾಂಡಾರಕರ ಸಂಸ್ಥೆ ಇವೆಲ್ಲವೂ ಇಂಥ ಸಂಗ್ರಹಗಳಿಂದಲೇ ಪ್ರಸಿದ್ಧವಾದವು.

ಪೆಟ್ಟಿಗೆಯೊಂದು ಗ್ರಂಥಾಲಯಕ್ಕೆ ಬಂದಾಗ

ಈ ವೃತ್ತಿಯ ಕ್ರಮವನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಮನೆತನದವರು ಅಜ್ಜನ ಕಾಲದ ಕಬ್ಬಿಣದ ಪೆಟ್ಟಿಗೆಯನ್ನು ವಿಶ್ವವಿದ್ಯಾಲಯಕ್ಕೆ ಕೊಡುತ್ತಾರೆಂದು ಭಾವಿಸೋಣ. ಅದರಲ್ಲಿ ಎರಡು ಓಲೆಗರಿಯ ಕಟ್ಟುಗಳು, ಕನ್ನಡದಲ್ಲಿ ಬರೆದ ಸ್ವಾಧ್ಯಾಯದ ವಹಿಗಳು, ಮೋಡಿ ಲಿಪಿಯ ಲೆಕ್ಕದ ಚೋಪಡಿ, ಮರಾಠಿ ಮತ್ತು ಗುಜರಾತಿ ಪತ್ರಗಳು, ಹಳೆಯ ಪಂಚಾಂಗಗಳು, ಪ್ರತಿಷ್ಠಾ ಮಹೋತ್ಸವದ ಆಮಂತ್ರಣ ಪತ್ರಿಕೆಗಳು ಇವೆ.

ಮೊದಲನೆಯ ಹೆಜ್ಜೆ ಸ್ವೀಕಾರ. ಕೊಟ್ಟವರು ಯಾರು, ಯಾವ ದಿನ ಕೊಟ್ಟರು, ದಾನವಾಗಿ ಕೊಟ್ಟರೋ ಇರಿಸಲು ಕೊಟ್ಟರೋ, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ಲಿಖಿತವಾಗಿ ದಾಖಲಿಸಿ ಇಬ್ಬರೂ ಸಹಿ ಮಾಡುತ್ತಾರೆ. ಬಾಯಿಮಾತಿನ ದಾನವು ಮುಂದಿನ ತಲೆಮಾರಿನಲ್ಲಿ ವ್ಯಾಜ್ಯಕ್ಕೆ ಕಾರಣವಾಗುತ್ತದೆ.

ಎರಡನೆಯದು ಪ್ರತ್ಯೇಕವಾಸ. ಹೊಸದಾಗಿ ಬಂದ ಪೆಟ್ಟಿಗೆಯನ್ನು ನೇರವಾಗಿ ಭಂಡಾರದ ಒಳಗೆ ಒಯ್ಯುವುದಿಲ್ಲ. ಅದರಲ್ಲಿ ಹುಳುವಿನ ಮೊಟ್ಟೆಯೋ ಬೂಷ್ಟೋ ಇದ್ದರೆ ಉಳಿದ ಸಂಗ್ರಹಕ್ಕೂ ಹರಡೀತು. ಬೇರೆ ಕೋಣೆಯಲ್ಲಿ ತೆರೆದು, ಮೃದುವಾದ ಕುಂಚದಿಂದ ಧೂಳು ತೆಗೆದು, ತುಕ್ಕು ಹಿಡಿದ ಗುಂಡುಪಿನ್ನು, ರಬ್ಬರು ಪಟ್ಟಿ, ಪ್ಲಾಸ್ಟಿಕ್ ಚೀಲಗಳನ್ನು ನಿವಾರಿಸುತ್ತಾರೆ.

ಮೂರನೆಯ ಹೆಜ್ಜೆಯೇ ಅತ್ಯಂತ ಮಹತ್ವದ್ದು. ಪೆಟ್ಟಿಗೆಯಲ್ಲಿ ವಸ್ತುಗಳು ಯಾವ ಕ್ರಮದಲ್ಲಿದ್ದವೋ ಆ ಕ್ರಮವನ್ನು ಕೆಡಿಸುವ ಮೊದಲು ಬರೆದಿಡಬೇಕು. ಹೊಸಬರಿಗೆ ಸಹಜವಾಗಿ ತೋರುವ ಬುದ್ಧಿಯೆಂದರೆ ಕನ್ನಡದ್ದನ್ನು ಒಂದು ಕಡೆ, ಮರಾಠಿಯದನ್ನು ಇನ್ನೊಂದು ಕಡೆ, ಶಾಸ್ತ್ರವನ್ನು ಮೇಲೆ, ಲೆಕ್ಕವನ್ನು ಕೆಳಗೆ ಎಂದು ವಿಂಗಡಿಸುವುದು. ಪತ್ರಾಗಾರಪಾಲಕರು ಹಾಗೆ ಮಾಡುವುದಿಲ್ಲ. ಲೆಕ್ಕದ ಚೋಪಡಿಯೊಳಗೆ ಮಡಚಿಟ್ಟ ಒಂದು ಕನ್ನಡ ಪತ್ರವು, ಆ ವರ್ಷ ಆ ಮನೆಯವರು ಒಂದು ಗ್ರಂಥದ ಪ್ರತಿ ಮಾಡಿಸಲು ಎಷ್ಟು ಹಣ ಕೊಟ್ಟರೆಂಬುದಕ್ಕೆ ಸಾಕ್ಷಿಯಾಗಿರಬಹುದು. ಪತ್ರವನ್ನು ಬೇರ್ಪಡಿಸಿದ ಕ್ಷಣದಲ್ಲಿ ಆ ಸಾಕ್ಷ್ಯ ನಾಶವಾಗುತ್ತದೆ. ಒಂದು ಮನೆತನದ ಸಂಗ್ರಹವನ್ನು ಮತ್ತೊಂದರೊಡನೆ ಬೆರೆಸಬಾರದು, ಅದರ ಮೂಲಕ್ರಮವನ್ನು ಗೌರವಿಸಬೇಕು ಎಂಬ ಎರಡು ನಿಯಮಗಳು 19ನೆಯ ಶತಮಾನದ ಯೂರೋಪಿನಲ್ಲಿ ಶಾಸ್ತ್ರರೂಪ ಪಡೆದವು. 1898ರಲ್ಲಿ ಮೂವರು ಡಚ್ ವಿದ್ವಾಂಸರು ಪ್ರಕಟಿಸಿದ ಕೈಪಿಡಿಯು ಇವನ್ನು ಜಗತ್ತಿನಾದ್ಯಂತ ರೂಢಿಗೆ ತಂದಿತು.

ನಾಲ್ಕನೆಯದು ವಿವರಣೆ. ಪ್ರತಿಯೊಂದು ಕಟ್ಟಿಗೂ ಸಂಖ್ಯೆ, ಗರಿಗಳ ಎಣಿಕೆ, ಉದ್ದ ಮತ್ತು ಅಗಲ, ಲಿಪಿ, ಭಾಷೆ, ಆರಂಭ ಮತ್ತು ಅಂತ್ಯ, ಲಿಪಿಕಾರನ ಹೆಸರು, ಬರೆಯಿಸಿದವರ ಹೆಸರು, ಈಗಿನ ಸ್ಥಿತಿ ಇವನ್ನು ಬರೆಯಬೇಕು. ಲಿಪಿ ಮತ್ತು ಭಾಷೆಗಳನ್ನು ಬೇರೆ ಬೇರೆಯಾಗಿ ನಮೂದಿಸುವುದು ಜೈನ ಹಸ್ತಪ್ರತಿಗಳ ವಿಷಯದಲ್ಲಿ ಅನಿವಾರ್ಯ. ಕನ್ನಡ ಅಕ್ಷರದಲ್ಲಿರುವುದೆಲ್ಲ ಕನ್ನಡ ಗ್ರಂಥವಲ್ಲ. ಅದು ಪ್ರಾಕೃತವಿರಬಹುದು, ಸಂಸ್ಕೃತವಿರಬಹುದು. ಇಂಥ ವಿವರಗಳೆಲ್ಲ ಸೇರಿ ಸಂಗ್ರಹದ ಸೂಚಿಯಾಗುತ್ತದೆ. ಸೂಚಿಯಿಲ್ಲದ ಭಂಡಾರದಲ್ಲಿ ಗ್ರಂಥ ಇದ್ದರೂ ಇಲ್ಲದಂತೆಯೇ.

ಐದನೆಯದು ರಕ್ಷಣೆ. ಆಮ್ಲರಹಿತ ಕಾಗದದ ಹೊದಿಕೆ, ಗಟ್ಟಿಯಾದ ಪೆಟ್ಟಿಗೆ, ಹೆಚ್ಚು ಏರಿಳಿತವಿಲ್ಲದ ಉಷ್ಣತೆ ಮತ್ತು ತೇವಾಂಶ, ನೇರ ಬಿಸಿಲಿಲ್ಲದ ಸ್ಥಳ ಇವು ಮುಖ್ಯ. ಒಣಗಿ ಸೆಟೆದ ಓಲೆಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆಯಂಥ ತೈಲವನ್ನು ಅನುಭವಿಗಳು ಮಿತವಾಗಿ ಲೇಪಿಸುತ್ತಾರೆ. ಪೂರ್ವಿಕರು ಬಜೆ, ಬೇವಿನ ಎಲೆಗಳನ್ನು ಇಟ್ಟು, ಎರಡು ಹಲಗೆಗಳ ನಡುವೆ ಗರಿಗಳನ್ನು ಬಿಗಿದು, ವಸ್ತ್ರ ಸುತ್ತುತ್ತಿದ್ದುದೂ ಇದೇ ಜ್ಞಾನ. ಪ್ರತಿಗಳ ಕೊನೆಯಲ್ಲಿ ಲಿಪಿಕಾರರು, ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ಗ್ರಂಥವನ್ನು ಕಾಪಾಡಿರೆಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಬಾಗಿದ ಬೆನ್ನಿನಿಂದ ಕಷ್ಟಪಟ್ಟು ಬರೆದವನ ಆ ಬೇಡಿಕೆಯನ್ನು ಇಂದು ನಡೆಸಿಕೊಡುವವನೇ ಪತ್ರಾಗಾರಪಾಲಕ.

ಸೂಚಿ ಮಾಡುವ ಕೆಲಸ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಮೈಸೂರೇ ಸಾಕ್ಷಿ. ತಂಜಾವೂರು ಸೀಮೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಕಟ್ಟೊಂದನ್ನು ಅಲ್ಲಿಯ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಪರಿಶೀಲಿಸಿ, ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಹೆಸರು ಮಾತ್ರ ಉಳಿದು ಕಣ್ಮರೆಯಾಗಿದ್ದ ಗ್ರಂಥವು ಬಂದ ಕಟ್ಟನ್ನು ಬಿಚ್ಚಿ ಓದಿದ್ದರಿಂದ ಲೋಕಕ್ಕೆ ಮರಳಿತು.

ಮೂಡಬಿದಿರೆಯ ಗರಿಗಳು ಮತ್ತು ಸೊಲ್ಲಾಪುರ

ಜೈನ ಸಮಾಜದಲ್ಲಿ ಈ ಪಾಠವನ್ನು ಕಲಿಸುವ ಅತ್ಯುತ್ತಮ ದೃಷ್ಟಾಂತ ಮೂಡಬಿದಿರೆಯದು. ಷಟ್ಖಂಡಾಗಮಕ್ಕೆ 9ನೆಯ ಶತಮಾನದ ಆರಂಭದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಕಷಾಯಪಾಹುಡಕ್ಕೆ ವೀರಸೇನರು ಆರಂಭಿಸಿ ಜಿನಸೇನಾಚಾರ್ಯರು ಪೂರ್ಣಗೊಳಿಸಿದ ಜಯಧವಲಾ, ಹಾಗೂ ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ, ಈ ಮೂರು ಸಿದ್ಧಾಂತಗ್ರಂಥಗಳ ಪ್ರಾಚೀನ ಓಲೆಗರಿಗಳು ಮೂಡಬಿದಿರೆಯ ಗುರುಬಸದಿಯಲ್ಲಿ ಉಳಿದುಬಂದವು. ಆ ಕಾರಣದಿಂದಲೇ ಅದಕ್ಕೆ ಸಿದ್ಧಾಂತ ಬಸದಿಯೆಂದೂ ಹೆಸರು. ಗ್ರಂಥಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡ.

ಈ ಪ್ರತಿಗಳ ಪ್ರಶಸ್ತಿಗಳಲ್ಲಿ ಬರೆಯಿಸಿದವರ ಹೆಸರುಗಳಿವೆ. ಧವಲಾ ಪ್ರತಿಯನ್ನು ದೇಮಿಯಕ್ಕ ಎಂಬ ಶ್ರಾವಿಕೆ ಶ್ರುತಪಂಚಮಿ ವ್ರತದ ಉದ್ಯಾಪನೆಯಲ್ಲಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕವ್ವೆ ಎಂಬ ಶ್ರಾವಿಕೆ ಪಂಚಮೀ ವ್ರತದ ಉದ್ಯಾಪನೆಗೆ ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಪರಂಪರೆಗೆ ಇವರೂ ಸೇರಿದವರು. ಪತ್ರಾಗಾರಪಾಲಕರು ಪ್ರತಿಯ ಕೊನೆಯ ಗರಿಯನ್ನು ಅಷ್ಟು ಆಸ್ಥೆಯಿಂದ ಓದುವುದು ಇದಕ್ಕಾಗಿಯೇ. ಕೊನೆಯ ಗರಿ ಕಳೆದರೆ ಗ್ರಂಥ ಉಳಿದೀತು, ಕೊಟ್ಟ ಕೈಯ ಹೆಸರು ಅಳಿಯುತ್ತದೆ.

ಶತಮಾನಗಳ ಕಾಲ ಈ ಗ್ರಂಥಗಳು ಬಹುಮಟ್ಟಿಗೆ ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ಬಂದು ಕೈಮುಗಿದು ಹೋಗುತ್ತಿದ್ದರು. 1880ರ ದಶಕದಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ ಝವೇರಿ ಹಾಗೂ ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದ ದೋಶಿ ಅವರು ಗರಿಗಳ ಜೀರ್ಣಾವಸ್ಥೆಯನ್ನು ಕಂಡು, ಇವುಗಳ ಪ್ರತಿ ಮಾಡಿಸದಿದ್ದರೆ ಸಿದ್ಧಾಂತವೇ ಲೋಪವಾದೀತೆಂದು ಚಿಂತಿತರಾದರು. ಹಿರಾಚಂದರು ಸೊಲ್ಲಾಪುರದ ಗುಜರಾತಿ ಮನೆಮಾತಿನ ವರ್ತಕರು, ಮರಾಠಿಯ ‘ಜೈನ ಬೋಧಕ’ ಪತ್ರಿಕೆಯ ಸ್ಥಾಪಕರು, ಉದ್ಯಮಿ ವಾಲಚಂದ ಹಿರಾಚಂದರ ತಂದೆ. ಕನ್ನಡ ಲಿಪಿಯಲ್ಲಿದ್ದ ಪ್ರಾಕೃತ ಗ್ರಂಥಕ್ಕಾಗಿ ಗುಜರಾತಿ ಮನೆಯವರು ಮರಾಠಿ ನಾಡಿನಲ್ಲಿ ಹಣ ಕೂಡಿಸಿದರೆಂಬುದು ನೆನಪಿಡಬೇಕಾದ ಸಂಗತಿ.

ಮೂಡಬಿದಿರೆಯ ಹಿರಿಯರು, ಪ್ರತಿಗಳು ಅಲ್ಲಿಯೇ ಇರಬೇಕೆಂಬ ಷರತ್ತಿನ ಮೇಲೆ ಒಪ್ಪಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಮೊದಲಾದವರು ಲಿಪಿಕಾರ್ಯಕ್ಕೆ ನಿಂತರು. 1896ರ ಸುಮಾರಿಗೆ ಆರಂಭವಾದ ಕಾರ್ಯವು ಪೂರ್ಣವಾಗಿ ಮುಗಿಯುವಾಗ 1922 ಬಂದಿತ್ತು. ಆರಂಭಿಸಿದವರಲ್ಲಿ ಕೆಲವರು ಅದರ ಸಮಾಪ್ತಿಯನ್ನು ಕಾಣಲಿಲ್ಲ.

ಕಾಪಾಡುವುದೋ, ತೆರೆಯುವುದೋ?

ಈ ಅವಧಿಯಲ್ಲಿ ಒಂದು ಘಟನೆ ನಡೆಯಿತು. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಯಾರಿಗೂ ತಿಳಿಯದಂತೆ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದನ್ನು ಸೊಲ್ಲಾಪುರಕ್ಕೆ ತಂದು ಹಿರಾಚಂದ ಸೇಠರ ಮುಂದಿಟ್ಟಾಗ, ರಹಸ್ಯವಾಗಿ ಮಾಡಿದ ಪ್ರತಿಯನ್ನು ಇಟ್ಟುಕೊಳ್ಳಲು ಸೇಠರು ಒಪ್ಪಲಿಲ್ಲ. ಆ ಬಳಿಕ ಪ್ರತಿಯು ಸಹಾರನಪುರದ ಲಾಲಾ ಜಂಬೂಪ್ರಸಾದರ ಬಳಿ ಸೇರಿತು. ಅಲ್ಲಿ ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿ ಎಂಬ ಪಂಡಿತರಿಂದ ನಾಗರಿಗೆ ಲಿಪ್ಯಂತರ ನಡೆಯಿತು. ಸೀತಾರಾಮ ಶಾಸ್ತ್ರಿಗಳು ತಮಗಾಗಿಯೂ ಒಂದು ಪ್ರತಿ ಮಾಡಿಕೊಂಡರು. ಅದರಿಂದ ಹುಟ್ಟಿದ ಪ್ರತಿಗಳು ಉತ್ತರ ಮತ್ತು ಮಧ್ಯ ಭಾರತದ ಅನೇಕ ಊರುಗಳನ್ನು ತಲುಪಿದವು. ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಹೀರಾಲಾಲ ಜೈನರು ಇಂಥ ಪ್ರತಿಗಳ ಆಧಾರದ ಮೇಲೆಯೇ 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಹಿಂದಿ ಅನುವಾದದೊಡನೆ ಪ್ರಕಟಿಸಿದರು. ಮುಂದಿನ ಸುಮಾರು ಎರಡು ದಶಕಗಳಲ್ಲಿ 16 ಸಂಪುಟಗಳು ಪೂರ್ಣವಾದವು.

ಇಲ್ಲಿ ಓದುಗರು ನಿಂತು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಮೂಡಬಿದಿರೆಯವರ ಬಿಗಿ ಕಾವಲು ತಪ್ಪೆನ್ನಬಹುದೇ? ಆ ಕಾವಲಿಲ್ಲದಿದ್ದರೆ 12ನೆಯ ಶತಮಾನದ ಗರಿಗಳು 20ನೆಯ ಶತಮಾನವನ್ನು ಕಾಣುತ್ತಿರಲಿಲ್ಲ. ಲಕ್ಷ್ಮೀಬಾಯಿಯವರ ಕೈಬರಹವು ತಪ್ಪೆನ್ನಬಹುದೇ? ಆ ಬರಹವಿಲ್ಲದಿದ್ದರೆ ಗ್ರಂಥವು ಇನ್ನೆಷ್ಟು ಕಾಲ ಪೆಟ್ಟಿಗೆಯಲ್ಲಿಯೇ ಇರುತ್ತಿತ್ತೋ. ಹಿರಾಚಂದರು ಅದನ್ನು ನಿರಾಕರಿಸಿದ್ದು ತಪ್ಪೆನ್ನಬಹುದೇ? ಪ್ರತಿ ಹೊರಗೆ ಹೋಗಬಾರದೆಂಬ ಷರತ್ತನ್ನು ಅವರು ಬಲ್ಲವರಾಗಿದ್ದರು. ಗ್ರಂಥದ ಮೇಲಿನ ಆಸೆಗಾಗಿ ನಂಬಿಕೆಯನ್ನು ಮುರಿದರೆ ಮುಂದೆ ಯಾವ ಭಂಡಾರದ ಬಾಗಿಲೂ ತೆರೆಯುವುದಿಲ್ಲ.

ಇಂದಿನ ಪತ್ರಾಗಾರಪಾಲಕರ ಮುಂದೆಯೂ ಪ್ರತಿದಿನ ಇದೇ ಪ್ರಶ್ನೆ ಇದೆ. ಕಾಪಾಡುವುದಷ್ಟೇ ಕೆಲಸವಾದರೆ ಭಂಡಾರವು ಸೆರೆಮನೆಯಾಗುತ್ತದೆ. ತೆರೆಯುವುದಷ್ಟೇ ಕೆಲಸವಾದರೆ ಗ್ರಂಥ ಸವೆದು ಹೋಗುತ್ತದೆ, ದಾನಿಯ ವಿಶ್ವಾಸವೂ ಹೋಗುತ್ತದೆ. ಆದುದರಿಂದ ಅವರು ಮಧ್ಯಮ ಮಾರ್ಗವನ್ನು ನಿಯಮವಾಗಿ ಬರೆದಿಡುತ್ತಾರೆ. ಮೂಲವನ್ನು ಅಗತ್ಯವಿದ್ದಾಗ ಮಾತ್ರ, ಮೇಲ್ವಿಚಾರಣೆಯಲ್ಲಿ ತೋರಿಸುತ್ತಾರೆ. ಓದಿಗೆ ಛಾಯಾಪ್ರತಿಯನ್ನೋ ಗಣಕಪ್ರತಿಯನ್ನೋ ಕೊಡುತ್ತಾರೆ. ಖಾಸಗಿ ಪತ್ರಗಳಿದ್ದರೆ ಇಂತಿಷ್ಟು ವರ್ಷ ತೆರೆಯಬಾರದೆಂಬ ದಾನಿಯ ಇಚ್ಛೆಯನ್ನು ಪಾಲಿಸುತ್ತಾರೆ. ನಿಯಮವು ಬಹಿರಂಗವಾಗಿದ್ದರೆ ರಹಸ್ಯ ಪ್ರತಿಯ ಅವಶ್ಯಕತೆಯೇ ಹುಟ್ಟುವುದಿಲ್ಲ.

ಒಂದು ಪದದ ಮೌಲ್ಯ

ಪ್ರತಿ ದೊರೆತ ಮೇಲೆ ಮೂಲವೇಕೆ ಬೇಕು ಎಂದು ಕೆಲವರು ಕೇಳಬಹುದು. ಇದಕ್ಕೂ ಧವಲಾ ಗ್ರಂಥವೇ ಉತ್ತರ ಕೊಡುತ್ತದೆ. ಮೊದಲ ಸಂಪುಟವನ್ನು ಸಿದ್ಧಪಡಿಸುವಾಗ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ಅನಿಸಿತು. ಅವರ ಮುಂದಿದ್ದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಆದುದರಿಂದ ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಮುಂದೆ ಮೂಡಬಿದಿರೆಯವರು ಸೌಹಾರ್ದದಿಂದ ಓಲೆಗರಿಗಳೊಡನೆ ಹೋಲಿಸಲು ಅನುಕೂಲ ಮಾಡಿಕೊಟ್ಟಾಗ, ಗರಿಯಲ್ಲಿ ಆ ಪದ ಇರುವುದು ಖಚಿತವಾಯಿತು. ಆ ಪದದ ತಾತ್ಪರ್ಯದ ಕುರಿತು ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆಯಿತು. ಆ ಸೈದ್ಧಾಂತಿಕ ಭಾಗ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಇಲ್ಲಿ ಗ್ರಹಿಸಬೇಕಾದುದು ಇಷ್ಟೇ: ಪ್ರತಿಯಿಂದ ಪ್ರತಿಗೆ ಬರೆಯುವಾಗ ಒಂದು ಪದ ಜಾರಿತು, ಅದು ಎಲ್ಲಿದೆಯೆಂದು ಹೇಳಬಲ್ಲ ಏಕಮಾತ್ರ ಸಾಕ್ಷಿ ಮೂಲ ಗರಿಯಾಗಿತ್ತು. ಪ್ರತಿ ಮಾಡಿಯಾಯಿತೆಂದು ಯಾರಾದರೂ ಮೂಲವನ್ನು ನದಿಗೆ ಬಿಟ್ಟಿದ್ದರೆ ಆ ಚರ್ಚೆಗೆ ಎಂದಿಗೂ ನಿರ್ಣಯ ಸಿಗುತ್ತಿರಲಿಲ್ಲ.

ಇಂದು ಗಣಕೀಕರಣದ ಉತ್ಸಾಹದಲ್ಲಿರುವವರಿಗೆ ಇದು ಎಚ್ಚರಿಕೆಯ ಮಾತು. ಛಾಯಾಚಿತ್ರವು ಮೂಲವನ್ನು ಸವೆತದಿಂದ ಉಳಿಸುತ್ತದೆ. ಮೂಲದ ಸ್ಥಾನವನ್ನು ತುಂಬುವುದಿಲ್ಲ.

ಸೊಲ್ಲಾಪುರವು ಕೊಟ್ಟುದು

ಸೊಲ್ಲಾಪುರದ ಸೇವೆ ಹಿರಾಚಂದರೊಂದಿಗೆ ಮುಗಿಯಲಿಲ್ಲ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿ ಅವರು ತಮ್ಮ ಸಂಪತ್ತನ್ನು ಶ್ರುತಸೇವೆಗೆ ಒಪ್ಪಿಸಿ 1940ರ ದಶಕದಲ್ಲಿ ಜೈನ ಸಂಸ್ಕೃತಿ ಸಂರಕ್ಷಕ ಸಂಘಕ್ಕೆ ಅಡಿಪಾಯ ಹಾಕಿದರು. ಅವರ ಹೆಸರಿನ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ ಎರಡು ಭಾಗಗಳಲ್ಲಿ, 1943 ಮತ್ತು 1951ರಲ್ಲಿ ಹೊರಬಂದಿತು. ಕನ್ನಡನಾಡಿನ ಶಾಸನತಜ್ಞ ಪಿ.ಬಿ. ದೇಸಾಯಿ ಅವರು ದಕ್ಷಿಣ ಭಾರತದ ಜೈನಧರ್ಮ ಹಾಗೂ ಶಾಸನಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವು 1957ರಲ್ಲಿ ಇದೇ ಮಾಲೆಯಲ್ಲಿ ಪ್ರಕಟವಾಯಿತು. ಧವಲಾದ ಪರಿಷ್ಕೃತ ಆವೃತ್ತಿಯನ್ನು ಹೊರತಂದ ಕೀರ್ತಿಯೂ ಈ ಸಂಘದ್ದೇ.

ಈ ಮಾಲೆಯ ಪ್ರಧಾನ ಸಂಪಾದಕರಲ್ಲಿ ಒಬ್ಬರು ಡಾ. ಆ.ನೇ. ಉಪಾಧ್ಯೆ (1906-1975). ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪನ ಮಾಡಿ, ಕೊನೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಪ್ರಾಧ್ಯಾಪಕರಾದ ಅವರು ಕನ್ನಡ, ಮರಾಠಿ, ಇಂಗ್ಲಿಷ್, ಪ್ರಾಕೃತ, ಸಂಸ್ಕೃತಗಳ ನಡುವೆ ಸಹಜವಾಗಿ ಸಂಚರಿಸಿದವರು. ಕೊಲ್ಲಾಪುರದ ಲಕ್ಷ್ಮೀಸೇನ ಮಠದ ಓಲೆಗರಿಗಳನ್ನು ಪರಿಶೀಲಿಸುವಾಗ ಅವರಿಗೆ ಜಟಾಸಿಂಹನಂದಿಯ ವರಾಂಗಚರಿತ ದೊರೆಯಿತು. 1938ರಲ್ಲಿ ಅದನ್ನು ಪ್ರಕಟಿಸಿದರು. ಇದೇ ದಾರಿಯಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ ಮೊದಲಾದ ಕಡೆಗಳ ಭಂಡಾರಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿತು. ಕನ್ನಡ ಬಾರದ ಉತ್ತರದ ವಿದ್ವಾಂಸರಿಗೂ ದಕ್ಷಿಣದ ಭಂಡಾರಗಳಲ್ಲಿ ಏನಿದೆಯೆಂದು ಅದರಿಂದ ತಿಳಿಯಿತು.

ಗಡಿಯ ಮನೆಗಳಲ್ಲಿ ಇರುವ ಭಂಡಾರ

ವಾಗದರಿ, ಅಕ್ಕಲಕೋಟೆ, ಸೊಲ್ಲಾಪುರಗಳ ಸೀಮೆಯಲ್ಲಿ ಒಂದೇ ಮನೆಯೊಳಗೆ ಎರಡು ಮೂರು ಭಾಷೆಗಳು ನಡೆಯುವುದು ಹೊಸ ಸಂಗತಿಯಲ್ಲ. ಅಜ್ಜಿ ಕನ್ನಡದಲ್ಲಿ ಸ್ತೋತ್ರ ಹೇಳುತ್ತಾಳೆ, ತಂದೆ ಮರಾಠಿಯಲ್ಲಿ ವ್ಯವಹಾರ ಬರೆಯುತ್ತಾನೆ, ಸೊಸೆಯ ತವರಿನ ಮಾತು ಗುಜರಾತಿಯೋ ಹಿಂದಿಯೋ ಆಗಿರುತ್ತದೆ, ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಮಾತು ಉಳಿದರೂ ಲಿಪಿ ಒಂದೇ ತಲೆಮಾರಿನಲ್ಲಿ ಕೈಬಿಡುತ್ತದೆ. ಅಜ್ಜನ ಸ್ವಾಧ್ಯಾಯದ ವಹಿ ಮೊಮ್ಮಗನಿಗೆ ಬರಿಯ ಗೆರೆಗಳಾಗಿ ಕಾಣುತ್ತದೆ. ಮುತ್ತಜ್ಜನ ಮೋಡಿ ಲೆಕ್ಕವನ್ನು ಓದಬಲ್ಲವರು ಊರಿಗೊಬ್ಬರೂ ಸಿಗುವುದಿಲ್ಲ. ಓದಲು ಬಾರದ ಕಾಗದಕ್ಕೆ ಮನೆಯಲ್ಲಿ ಬೆಲೆಯಿಲ್ಲ. ಮನೆ ಕಟ್ಟಿಸುವಾಗ, ಪಾಲಾಗುವಾಗ, ಪುಣೆ ಮುಂಬಯಿಗಳಿಗೆ ವಲಸೆ ಹೋಗುವಾಗ ಅದು ರದ್ದಿಗೆ ಹೋಗುತ್ತದೆ, ಇಲ್ಲವೆ ಪವಿತ್ರವೆಂಬ ಭಾವನೆಯಿಂದಲೇ ನೀರಿಗೆ ಬೀಳುತ್ತದೆ. ಹೀಗೆ ಲೋಪವಾದುದರ ಲೆಕ್ಕ ಯಾವ ಸೂಚಿಯಲ್ಲಿಯೂ ಇಲ್ಲ.

ದೊಡ್ಡ ಸಂಸ್ಥೆಗಳು ಎಲ್ಲ ಮನೆಗಳಿಗೂ ಬರಲಾರವು. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರಲ್ಲಿ ಜ್ಞಾನಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆಯ ಯೋಜನೆಯನ್ನು ಪ್ರಕಟಿಸಿತು. ಆದರೂ ಪೆಟ್ಟಿಗೆಯ ಕೀಲಿ ಮನೆಯವರ ಕೈಯಲ್ಲಿಯೇ ಇದೆ. ಪತ್ರಾಗಾರದ ಕ್ರಮವನ್ನು ಅನುಸರಿಸಿ ಪ್ರತಿಯೊಂದು ಕುಟುಂಬವೂ ಮಾಡಬಹುದಾದ ಕೆಲಸಗಳು ಇವು:

1. ಪೆಟ್ಟಿಗೆ ಅಥವಾ ಗಂಟನ್ನು ಬಿಚ್ಚುವ ಮೊದಲು ಇದ್ದಂತೆಯೇ ಛಾಯಾಚಿತ್ರ ತೆಗೆಯಬೇಕು. ಒಂದರೊಳಗೊಂದು ಇಟ್ಟ ಕಾಗದಗಳನ್ನು ಬೇರೆ ಮಾಡಬಾರದು; ಭಾಷೆಯನ್ನು ನೋಡಿ ವಿಂಗಡಿಸಬಾರದು.

2. ಕೈ ತೊಳೆದು ಒಣಗಿಸಿಕೊಂಡು ಮುಟ್ಟಬೇಕು. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು, ಲ್ಯಾಮಿನೇಷನ್ ಮಾಡಿಸಬಾರದು. ಅಂಟು ಕಾಲಾನಂತರದಲ್ಲಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ನನ್ನು ಮತ್ತೆ ಬಿಡಿಸಲಾಗದು.

3. ಪೂಜೆಯ ಸಮಯದಲ್ಲಿ ಅಕ್ಷತೆ, ಗಂಧ, ಅರಿಸಿನ, ಕುಂಕುಮಗಳು ಗರಿಯ ಮೇಲೆ ನೇರವಾಗಿ ಬೀಳದಂತೆ ಗ್ರಂಥವನ್ನು ಪೀಠದ ಮೇಲೆ ವಸ್ತ್ರದೊಳಗೆ ಇರಿಸಬೇಕು. ಅಕ್ಕಿಯ ಕಾಳು ಹುಳುವನ್ನು ಕರೆಯುತ್ತದೆ. ಬಣ್ಣದ ಕಲೆ ಹೋಗುವುದಿಲ್ಲ. ಇದರಿಂದ ಪೂಜೆಗೆ ಲೋಪವಿಲ್ಲ, ಆಶಾತನೆಯೂ ತಪ್ಪುತ್ತದೆ.

4. ಒಂದು ವಹಿಯಲ್ಲಿ ಎಲ್ಲದರ ಪಟ್ಟಿ ಮಾಡಬೇಕು. ಏನು, ಎಷ್ಟು ಪುಟ, ಯಾವ ಲಿಪಿ, ಯಾರದು, ಮನೆಗೆ ಹೇಗೆ ಬಂತು ಎಂಬ ಐದು ವಿಷಯಗಳು ಸಾಕು. ತಿಳಿಯದ ಲಿಪಿಯಾದರೆ ತಿಳಿಯದೆಂದೇ ಬರೆಯಬೇಕು, ಊಹಿಸಿ ಬರೆಯಬಾರದು.

5. ಓದಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರಿಂದ ಓದಿಸಿ ಧ್ವನಿಮುದ್ರಣ ಮಾಡಿಕೊಳ್ಳಬೇಕು. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಮುಂದೂಡಬಾರದು.

6. ಕೊಡಲು ಮನಸ್ಸಿದ್ದರೆ ಮಠ, ಗ್ರಂಥಮಾಲೆ ಅಥವಾ ವಿಶ್ವವಿದ್ಯಾಲಯಕ್ಕೆ ಲಿಖಿತ ಷರತ್ತಿನೊಂದಿಗೆ ಕೊಡಬೇಕು. ಒಂದು ಮನೆಯ ಸಂಗ್ರಹವನ್ನು ಹಂಚಿ ಚದುರಿಸಬಾರದು. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷ ಮೀರಿದ ಹಸ್ತಪ್ರತಿಗಳು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವುದು ಅಪರಾಧ.

ಈ ಕಾರ್ಯಕ್ಕೆ ಪಾಂಡಿತ್ಯ ಬೇಕಿಲ್ಲ, ತಾಳ್ಮೆ ಬೇಕು. ದೇಮಿಯಕ್ಕನಿಗೆ ತನ್ನ ದಾನ ಅಮರಾವತಿಯಲ್ಲಿ ಅಚ್ಚಾಗುವುದೆಂದು ತಿಳಿದಿರಲಿಲ್ಲ. ಹಿರಾಚಂದ ಸೇಠರಿಗೆ ತಾವು ನೀಡಿದ ಹಣದಿಂದ ಬರೆದ ಅಕ್ಷರಗಳನ್ನು ಸ್ವತಃ ಓದುವ ಅವಶ್ಯಕತೆ ಇರಲಿಲ್ಲ. ಕನ್ನಡ ಲಿಪಿಯನ್ನು ನಾಗರಿಗೆ ತಂದವರು, ನಾಗರಿಯಿಂದ ಹಿಂದಿಗೆ ಅನುವಾದಿಸಿದವರು, ಮತ್ತೆ ಅದನ್ನು ಕನ್ನಡಕ್ಕೆ ತರುವ ಕಾರ್ಯವನ್ನು ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಲ್ಲಿ ಕೈಗೊಂಡವರು, ಎಲ್ಲರೂ ತಮಗೆ ಪೂರ್ತಿ ಕಾಣದ ಒಂದು ಕಟ್ಟಿನ ಒಂದೊಂದು ಗರಿಯನ್ನು ಮುಂದಿನವರ ಕೈಗೆ ದಾಟಿಸಿದರು. ಯಾವ ಭಾಷೆಯ ಮನೆಯಾದರೂ ಆಗಲಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುವುದು ಆ ಕಟ್ಟಿನದೇ ಒಂದು ಗರಿಯಾಗಿರಬಹುದು. ಬರುವ ಶ್ರುತಪಂಚಮಿಯಂದು ಪ್ರತಿಯೊಂದು ಕುಟುಂಬವೂ ಅಂಥ ಒಂದು ಪೆಟ್ಟಿಗೆಯನ್ನು ಕೆಳಗಿಳಿಸಿ, ಒರೆಸಿ, ಪಟ್ಟಿ ಮಾಡಿ, ಹೊಸ ವಸ್ತ್ರದಲ್ಲಿ ಕಟ್ಟಿಟ್ಟರೆ ಅದೇ ನಿಜವಾದ ಶ್ರುತಪೂಜೆ.